ರಕ್ಕಸರ ಗುಹೆಯಲ್ಲಿ ಅಳಿಯನ ಬೆನ್ನ ಹಿಂದೆ

ರಕ್ಕಸರನ್ನು ಕೊಲ್ಲುವ ಆಟ ನಮ್ಮ ಸೀಮೆಗೆ ಹೊಸದಲ್ಲ. ನಾನು ಹುಡುಗನಾಗಿದ್ದಾಗ, ಅಂದರೆ ಹಾವೇರಿ ಇನ್ನೂ ಜಿಲ್ಲೆಯಾಗದೆ ನಾವೆಲ್ಲ ಧಾರವಾಡ ಜಿಲ್ಲೆಯವರಾಗಿದ್ದಾಗ, ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಹಿರೇಕೆರೂರು, ಹಾನಗಲ್ಲ ಕಡೆಯ ಊರುಗಳಲ್ಲಿ ದೊಡ್ಡಾಟ ನಡೆಯುತ್ತಿತ್ತು. ಭುಜಕೀರ್ತಿ, ಕಿರೀಟ ಹೊತ್ತ ರಕ್ಕಸ ಪರದೆಯ ಹಿಂದಿನಿಂದಲೇ ಕೂಗು ಹಾಕಿ, ಅಟ್ಟದ ಹಲಗೆ ಮುರಿಯುವ ಹಾಗೆ ಕುಣಿದು ಬಂದರೆ ಮುಂದೆ ಕೂತ ಹುಡುಗರೆಲ್ಲ ಅವ್ವಂದಿರ ಸೆರಗಿನೊಳಗೆ ಸೇರುತ್ತಿದ್ದೆವು. ಹಗಲು ಎತ್ತು ಹೂಡಿ ರಂಟೆ ಹೊಡೆದವನೇ ರಾತ್ರಿ ಭೀಮಸೇನ. ಬೆಳಗಿನ ಜಾವದವರೆಗೆ ಗದೆ ಬೀಸಿ, ಮುಖದ ಬಣ್ಣ ಪೂರ್ತಿ ಹೋಗುವ ಮೊದಲೇ ಮತ್ತೆ ಹೊಲಕ್ಕೆ ಹೋಗುತ್ತಿದ್ದ. ಅವನಿಗೆ ಹುಚ್ಚು ಹಿಡಿದಿದೆ ಎಂದು ಊರವರು ಯಾರೂ ಹೇಳುತ್ತಿರಲಿಲ್ಲ. ಹೆಂಡತಿ ಹೇಳುತ್ತಿದ್ದಳು, ಅದು ಬೇರೆ ಮಾತು.

ಈಗ ಅದೇ ರಕ್ಕಸ ಅಂಗೈಯಗಲದ ಗಾಜಿನೊಳಗೆ ಬಂದು ಕೂತಿದ್ದಾನೆ. ಇಂಗ್ಲಿಷಿನಲ್ಲಿ ಇಂಥ ಆಟಗಳಿಗೆ 'ಹ್ಯಾಕ್ ಅಂಡ್ ಸ್ಲ್ಯಾಶ್' ಎನ್ನುತ್ತಾರೆ. ಕಡಿ, ಕೊಚ್ಚು ಎಂದರೆ ಅರ್ಥಕ್ಕೆ ಮೋಸವಿಲ್ಲ. ಆಡುವವನು ಒಂದು ವೇಷ ಆರಿಸಿಕೊಳ್ಳಬೇಕು: ಕೊಡಲಿ ಹಿಡಿದ ಬಂಟ, ಸಿಡಿಲು ಎಸೆಯುವ ಮಂತ್ರವಾದಿ, ಸತ್ತ ಎಲುಬುಗಳನ್ನು ಎಬ್ಬಿಸಿ ಕಾದಾಡಿಸುವ ಮಾಟಗಾರ, ಹೀಗೆ. ಗುಹೆಯೊಳಗೆ ಇಳಿದು, ಬಂದವರನ್ನೆಲ್ಲ ಕಡಿದು, ಬಿದ್ದ ಆಯುಧ, ಕವಚ, ಹರಳುಗಳನ್ನು ಹೆಕ್ಕಿಕೊಂಡು, ಇನ್ನಷ್ಟು ಬಲವಾಗಿ ಇನ್ನೂ ಆಳದ ಗುಹೆಗೆ ಇಳಿಯಬೇಕು. ಕಥೆ ಇಷ್ಟೇ. ಆನ್‌ಲೈನ್ ಆದ್ದರಿಂದ ನಮ್ಮ ಜೊತೆ ಕಡಿಯುವವರು ರಾಣೆಬೆನ್ನೂರಿನವರಿರಬಹುದು, ಮನಿಲಾದವರೂ ಇರಬಹುದು.

ಈ ವಂಶದ ಮೂಲಪುರುಷ ಕಂಪ್ಯೂಟರಿನವನಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ತಂದರು. ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲು, ದಾಳಗಳನ್ನಿಟ್ಟುಕೊಂಡು ಮಾತಿನಲ್ಲೇ ಆಡುವ ಆಟ ಅದು. 1980ರ ಸುಮಾರಿಗೆ ಬಂದ 'ರೋಗ್' ಎಂಬ ಆಟ ಗುಹೆಯನ್ನು ಕಂಪ್ಯೂಟರಿಗೆ ಒಯ್ದಿತು. 1996ರ ಕೊನೆಗೆ 'ಡಯಾಬ್ಲೊ' ಬಂತು. ಅದನ್ನು ರೂಪಿಸಿದ ಡೇವಿಡ್ ಬ್ರೆವಿಕ್ ಎಂಬಾತ ಕ್ಯಾಲಿಫೋರ್ನಿಯಾದ ತನ್ನೂರಿನ ಹತ್ತಿರದ ಮೌಂಟ್ ಡಯಾಬ್ಲೊ ಎಂಬ ಗುಡ್ಡದ ಹೆಸರನ್ನೇ ಆಟಕ್ಕೆ ಇಟ್ಟ. ಮೊದಲು ಅದು ಚದುರಂಗದ ಹಾಗೆ ಒಬ್ಬರಾದ ಮೇಲೆ ಒಬ್ಬರು ನಡೆಯುವ ಆಟವಾಗಿತ್ತು. ಜೊತೆಯವರ ಒತ್ತಾಯಕ್ಕೆ ಒಂದು ಮಧ್ಯಾಹ್ನ ಕೂತು ಅದನ್ನು ಎಡೆಬಿಡದೆ ಓಡುವ ಆಟವನ್ನಾಗಿ ಬದಲಾಯಿಸಿದೆನೆಂದು ಆತನೇ ಹೇಳಿಕೊಂಡಿದ್ದಾನೆ. ಆ ಮಧ್ಯಾಹ್ನ ಆತ ಮಲಗಿ ನಿದ್ದೆ ಹೋಗಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಜಗಳ ಕಡಿಮೆಯಾಗುತ್ತಿತ್ತೇನೋ.

ಜಗಳ ನನ್ನ ತಂಗಿಯ ಮನೆಯಲ್ಲೂ ನಡೆದಿತ್ತು. ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ ಅವಳು ಪಕ್ಕದ ಹಳ್ಳಿಯಿಂದ ಮಗನನ್ನು ಕರೆದುಕೊಂಡು ಹಂಸಭಾವಿಯ ನಮ್ಮ ಮನೆಗೆ ಬಂದಳು. ಹುಡುಗ ಆಗಷ್ಟೇ ಹದಿನೆಂಟು ತುಂಬಿದವನು, ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಕೈಕೊಟ್ಟಿತ್ತು. ಅದಾದರೂ ನಡೆಯುತ್ತಿತ್ತು. ಮುಂಗಾರಿನ ಗೊಬ್ಬರಕ್ಕೆಂದು ಇಟ್ಟ ದುಡ್ಡಿನಲ್ಲಿ 3,800 ರೂಪಾಯಿ ಅವ್ವನ ಫೋನಿನಿಂದ ಆಟದ ಅಂಗಡಿಗೆ ಹೋಗಿತ್ತು. 'ಅಣ್ಣಾ, ಆ ಫೋನ ಒಡದ ಹಾಕಿ ಇವನ್ನ ಹೊಲಕ್ಕ ಹಚ್ಚತೀನಿ. ಓದಿಸಿದ್ದು ಸಾಕು. ನೀ ಮಾಸ್ತರ, ಕಡೀ ಮಾತು ಹೇಳಿ ನೋಡು' ಎಂದು ಹೇಳಿ, ಬೆಲ್ಲದ ಚಹಾವನ್ನೂ ಪೂರ್ತಿ ಕುಡಿಯದೆ ಬಸ್ಸಿಗೆ ಹೋದಳು. ಹುಡುಗ ಕಂಬಕ್ಕೆ ಆತು ನೆಲ ನೋಡುತ್ತ ನಿಂತಿದ್ದ. ಒಡೆಯುವುದು ಬರೀ ಫೋನಲ್ಲ, ಅವನ ಓದು ಕೂಡ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಒಂದು ವಿಷಯ ಗೊತ್ತಿರುತ್ತದೆ: ಉಪದೇಶ ಶುರುವಾದ ಕೂಡಲೇ ಮಕ್ಕಳ ಕಿವಿಗೆ ತಂತಾನೇ ಮುಚ್ಚಳ ಬೀಳುತ್ತದೆ. ಪ್ರಯೋಗಶಾಲೆಯಲ್ಲಿ ನೋಡದ ವಸ್ತುವಿನ ಗುಣಧರ್ಮ ಬರೆಯುವುದು ನಮ್ಮ ವಿದ್ಯೆಗೂ ಒಪ್ಪುವ ಮಾತಲ್ಲ. ಆದ್ದರಿಂದ ರಾತ್ರಿ ಊಟವಾದ ಮೇಲೆ, 'ಆ ಆಟ ನನಗೂ ಹಾಕಿಕೊಡು' ಎಂದೆ. ಅವನು ನನ್ನ ಮುಖವನ್ನು ಎರಡು ಸಲ ನೋಡಿದ. ಬಲೆ ಎಂದುಕೊಂಡಿರಬೇಕು. ಆಟದ ಹೆಸರು ಇಲ್ಲಿ ಬೇಡ. ಡಯಾಬ್ಲೊದ ದಾಯಾದಿಗಳಲ್ಲಿ ಒಂದು ಎಂದುಕೊಂಡರೆ ಸಾಕು.

ಮೊದಲ ರಾತ್ರಿ ನಾನು ಹನ್ನೊಂದು ಸಲ ಸತ್ತೆ. ಐವತ್ತು ದಾಟಿದ ಹೆಬ್ಬೆರಳಿಗೆ ಗಾಜಿನ ಮೇಲೆ ಜಾರುವ ಅಭ್ಯಾಸವಿಲ್ಲ. ಚಾಳೀಸು ಸರಿಪಡಿಸಿಕೊಳ್ಳುವಷ್ಟರಲ್ಲಿ ಎಲುಬಿನ ಹಂದರಗಳು ಸುತ್ತುವರಿದಿರುತ್ತಿದ್ದವು. ನನಗೆ ಜೊತೆಯವರ ಗಾಯ ಮಾಯಿಸುವ ಸನ್ಯಾಸಿಯ ವೇಷ ಕೊಟ್ಟಿದ್ದ. 'ಮಾಮಾ, ನೀವು ಮುಂದ ಬರಬ್ಯಾಡ್ರಿ, ನನ್ನ ಬೆನ್ನ ಹಿಂದ ಇರ್ರಿ. ನನ್ನ ಕೆಂಪು ಗೆರಿ ಅರ್ಧಕ್ಕ ಇಳದ್ರ ಈ ಗುಂಡಿ ಒತ್ರಿ' ಎಂದು ಅವನು ಹೇಳುವುದು, ನಾನು ಹಾಗೇ ಮಾಡುವುದು. ನಾಲ್ಕು ಜನರ ತಂಡ ಬೇಕಾಗುತ್ತಿತ್ತು. ನಾವಿಬ್ಬರು, ಹಾಸ್ಟೆಲಿನ ಅವನ ಗೆಳೆಯ, ಮತ್ತೆ ಎಲ್ಲಿಂದಲೋ ಬಂದು ಸೇರುವ ಒಬ್ಬ ಅಪರಿಚಿತ.

ಅಲ್ಲಿ ಕಂಡ ಹುಡುಗ ನನ್ನ ಎದುರು ಕಂಬಕ್ಕೆ ಆತು ನಿಂತವನಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾವ ರಕ್ಕಸನಿಗೆ ಬೆಂಕಿ ತಾಗುವುದಿಲ್ಲ, ಯಾವಾಗ ಹಿಂದೆ ಸರಿಯಬೇಕು ಎಂದು ಮುರುಕು ಇಂಗ್ಲಿಷಿನಲ್ಲಿ ಪಟಪಟನೆ ಬರೆದು ಕಳಿಸುತ್ತಿದ್ದ. ಒಂದು ರಾತ್ರಿ ತಂಡಕ್ಕೆ ಬಂದವನು ನನಗಿಂತ ದಡ್ಡ. ಅವನಿಂದಾಗಿ ಮೂರು ಸಲ ಸೋತೆವು. ಗೆಳೆಯ ಅವನನ್ನು ಹೊರಗೆ ಹಾಕು ಎಂದ. ಅಳಿಯ ಕೇಳಲಿಲ್ಲ. ನಾಲ್ಕನೇ ಸಲ ಅವನಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿ ಗೆಲ್ಲಿಸಿದ. ತರಗತಿಯಲ್ಲಿ ಕೊನೆಯ ಬೆಂಚಿನವನಿಗೆ ನಾಲ್ಕನೇ ಸಲ ಹೇಳಿಕೊಡುವ ತಾಳ್ಮೆ ನಮ್ಮಲ್ಲಿ ಎಷ್ಟು ಮಾಸ್ತರರಿಗೆ ಉಂಟು? ನಾನು ಇದನ್ನು ತಂಗಿಗೆ ಫೋನಿನಲ್ಲಿ ಹೇಳಿದೆ. 'ನೀನೂ ಅದರಾಗ ಬಿದ್ದಿ ಅನ್ನು' ಎಂದಳು.

ಹಂಸಭಾವಿಯಲ್ಲಿ ಕುಳಿತು ಆಡುವಾಗ ಇನ್ನೊಂದು ರಕ್ಕಸನೂ ಎದುರಾಗುತ್ತಾನೆ. ಕರೆಂಟು ಹೋದರೆ ಅದರೊಂದಿಗೆ ವೈಫೈಯೂ ಹೋಗುತ್ತದೆ. ಇದ್ದಾಗಲೂ ಗುಂಡಿ ಒತ್ತಿದ್ದಕ್ಕೂ ಗದೆ ಬೀಸಿದ್ದಕ್ಕೂ ನಡುವೆ ಸಣ್ಣ ತಡ. ಬೆಳಕು ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ನಮ್ಮೂರಿಂದ ಸಿಂಗಪುರ ನೇರ ಗೆರೆಯಲ್ಲಿ ಮೂರೂವರೆ ಸಾವಿರ ಕಿ.ಮೀ. ಹತ್ತಿರ. ಹೋಗಿ ಬರಲು ಕನಿಷ್ಠ 35 ಮಿಲಿಸೆಕೆಂಡು ಬೇಕೇ ಬೇಕು, ಎಷ್ಟೇ ದುಡ್ಡು ಕೊಟ್ಟರೂ ಅದಕ್ಕಿಂತ ಕಡಿಮೆಯಾಗದು. ದಾರಿಯ ಸುತ್ತುಬಳಸು, ನಡುವಿನ ಯಂತ್ರಗಳು ಸೇರಿ ಅದು ಎರಡು ಮೂರು ಪಟ್ಟಾಗುತ್ತದೆ. ಅಳಿಯನಿಗೆ 'ಪಿಂಗ್' ಎಂಬ ಅಂಕಿ ಬಾಯಿಪಾಠವಿತ್ತು, ಅದು ಬೆಳಕಿನ ವೇಗದ ಪಾಠ ಎಂಬುದು ತಿಳಿದಿರಲಿಲ್ಲ. ಅಲ್ಲಿಂದ ನಮ್ಮ ಮಾತು ಶುರುವಾಯಿತು.

'ಈ ಗುಹಿ ಪ್ರತಿ ಸಲ ಬ್ಯಾರೆ ಆಗ್ತದಲ್ರೀ ಮಾಮಾ, ಅಷ್ಟೊಂದು ಗುಹಿ ಯಾರು ಬರದಿಟ್ಟಾರ?' ಎಂದು ಅವನೇ ಒಂದು ದಿನ ಕೇಳಿದ. ಯಾರೂ ಬರೆದಿಟ್ಟಿಲ್ಲ. ರೋಗ್ ಕಾಲದಿಂದಲೂ ಇದು ಯಂತ್ರವೇ ಆಗಿಂದಾಗ ಕಟ್ಟುವ ಗುಹೆ. ನಾನು ಒಂದು ಹಾಳೆ ತೆಗೆದುಕೊಂಡು 7 ಎಂದು ಬರೆದೆ. ಐದರಿಂದ ಗುಣಿಸು, ಮೂರು ಕೂಡಿಸು, ಹದಿನಾರರಿಂದ ಭಾಗಿಸಿ ಶೇಷ ಬರೆ ಎಂದೆ. 38, ಶೇಷ 6. ಆರಕ್ಕೆ ಮತ್ತೆ ಹಾಗೇ ಮಾಡು: 33, ಶೇಷ 1. ಆಮೇಲೆ 8, 11, 10, 5, 12, 15, 14, 9 ಎಂದು ಸಾಲು ಬೆಳೆಯಿತು. ನೋಡಿದರೆ ಅಂಕಿಗಳು ಚೆಲ್ಲಾಪಿಲ್ಲಿ ಬಿದ್ದ ಹಾಗಿವೆ. ಆದರೆ ಏಳರಿಂದ ಹೊರಟವರಿಗೆಲ್ಲ ಇದೇ ಸಾಲು, ಹದಿನಾರು ಹೆಜ್ಜೆ ಆದ ಮೇಲೆ ಮತ್ತೆ ಏಳು. ಇಂಥದೇ, ಇದಕ್ಕಿಂತ ಬಹಳ ದೊಡ್ಡ ಅಂಕಿಗಳ ಲೆಕ್ಕದಿಂದ ಕಂಪ್ಯೂಟರು ಇಲ್ಲಿ ಗೋಡೆ, ಅಲ್ಲಿ ಬಾಗಿಲು, ಮೂಲೆಯಲ್ಲಿ ಪೆಟ್ಟಿಗೆ ಎಂದು ಗುಹೆ ಕಟ್ಟುತ್ತದೆ. ಮೊದಲ ಅಂಕಿಗೆ 'ಬೀಜ' ಎಂದೇ ಹೆಸರು. ಅದೇ ಬೀಜ ಬಿತ್ತಿದರೆ ಅದೇ ಗುಹೆ. ಹುಡುಗ ಹಾಳೆಯನ್ನು ಎಳೆದುಕೊಂಡು ಐದರ ಬದಲು ನಾಲ್ಕು ಹಾಕಿ ನೋಡಿದ. ಸಾಲು 7, 15 ಎಂದು ಹೋಗಿ 15ರಲ್ಲೇ ಕಾಲು ಮುರಿದುಕೊಂಡು ಕೂತಿತು. ಯಾಕೆ ಎಂದು ರಾತ್ರಿ ಹನ್ನೊಂದರವರೆಗೆ ಕೆದಕಿದ. ಗಣಿತದಲ್ಲಿ ನಪಾಸಾದವನು ಇವನೇ ಏನು ಎಂದು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಈಗ 3,800 ರೂಪಾಯಿಯ ಮಾತಿಗೆ ಬರೋಣ.

ಆಟಕ್ಕೆ ದುಡ್ಡಿಲ್ಲ, ಪುಕ್ಕಟೆ. ಒಳಗೆ ಅಂಗಡಿ ಇದೆ. ಅಲ್ಲಿ ಆಯುಧ ಮಾರುವುದಿಲ್ಲ, ಮುಚ್ಚಿದ ಪೆಟ್ಟಿಗೆ ಮಾರುತ್ತಾರೆ. ಒಳಗೆ ಏನಿದೆ ಎಂಬುದು ತೆರೆದ ಮೇಲೆಯೇ ಗೊತ್ತಾಗುವುದು. ಅಳಿಯನಿಗೆ ಬೇಕಾಗಿದ್ದ ಹರಳು ನೂರಕ್ಕೆ ಒಂದು ಪೆಟ್ಟಿಗೆಯಲ್ಲಿ ಇರುತ್ತದೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹಾಗೆ ಬರೆಯಲೇಬೇಕೆಂದು ಚೀನಾ ಸರ್ಕಾರ 2017ರ ಮೇ ತಿಂಗಳಿಂದಲೂ, ಆ್ಯಪಲ್ ಕಂಪನಿ ಅದೇ ವರ್ಷದ ಡಿಸೆಂಬರಿನಿಂದಲೂ ನಿಯಮ ಮಾಡಿವೆ. ಅಷ್ಟು ಒಳ್ಳೆಯದೇ. ಆದರೆ ಬರೆದಿದ್ದನ್ನು ಓದಿದವನಿಗೂ ಅದರ ಅರ್ಥ ತಿಳಿಯಬೇಕಲ್ಲ.

'ಎಪ್ಪತ್ತು ಪೆಟಗಿ ಆಗಿದ್ವು ಮಾಮಾ, ಇನ್ನ ಮೂವತ್ತರಾಗ ಬರಲೇಬೇಕಿತ್ತು, ಅದಕ್ಕ ಅವ್ವನ ಫೋನ್ ತಗೊಂಡೆ' ಎಂದ. ಇಡೀ ವ್ಯವಹಾರದ ಗಂಟು ಈ ಒಂದು ಮಾತಿನಲ್ಲಿದೆ. ಪೆಟ್ಟಿಗೆಗೆ ನೆನಪಿಲ್ಲ. ಎಪ್ಪತ್ತು ಸಲ ಸೋತಿದ್ದೀಯೆಂದು ಅದಕ್ಕೆ ಕರುಣೆ ಬರುವುದಿಲ್ಲ. ಎಪ್ಪತ್ತೊಂದನೆಯದಕ್ಕೂ ನೂರಕ್ಕೆ ಒಂದೇ. (ಇಷ್ಟು ಸಲ ಬರದಿದ್ದರೆ ಕೊಟ್ಟೇ ಕೊಡುತ್ತೇವೆ ಎಂಬ ನಿಯಮ ಕೆಲವು ಆಟಗಳಲ್ಲಿ ಉಂಟು, ಇದರಲ್ಲಿ ಇರಲಿಲ್ಲ.) ಒಂದು ಸಲ ಬರದಿರುವ ಸಾಧ್ಯತೆ 0.99. ನೂರು ಸಲವೂ ಬರದಿರುವ ಸಾಧ್ಯತೆ ಬೇಕಾದರೆ 0.99ನ್ನು ತನ್ನಿಂದಲೇ ನೂರು ಸಲ ಗುಣಿಸಬೇಕು. ಕ್ಯಾಲ್ಕ್ಯುಲೇಟರಿನಲ್ಲಿ ಅವನೇ ಒತ್ತಿದ: 0.366. ಅಂದರೆ ನೂರು ಜನ ಹುಡುಗರು ತಲಾ ನೂರು ಪೆಟ್ಟಿಗೆ ಕೊಂಡರೆ ಸುಮಾರು 37 ಜನ ಬರಿಗೈಯಲ್ಲಿ ಏಳುತ್ತಾರೆ. ಇನ್ನೂರು ಕೊಂಡರೂ 13 ಜನ ಹಾಗೇ. ಮುನ್ನೂರಕ್ಕೆ ಐದು ಜನ. ಆ ಐವರ ಮನೆಯಲ್ಲಿ ಏನೇನು ನಡೆದಿರುತ್ತದೆಂದು ಯೋಚಿಸಿ.

ನಮ್ಮ ಚೌಕಾಬಾರದಲ್ಲೂ ಹೀಗೇ ಇದೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ (ನಿಜವಾದ ಕವಡೆ ಹಾಗೆ ಬೀಳುವುದಿಲ್ಲ) ಒಂದೊಂದಕ್ಕೂ ಹದಿನಾರರಲ್ಲಿ ಒಂದು. ಬಿದ್ದರೆ ಇನ್ನೊಂದು ಸಲ ಆಡುವ ಭಾಗ್ಯ. ನಮ್ಮ ಅಜ್ಜಿಯಂದಿರು ದೀಪ ಆರುವವರೆಗೂ ಏಳದಿದ್ದುದು ಆ ಚೌಕಕ್ಕೇ. ಆದರೆ ಅಜ್ಜಿಯ ಕವಡೆ ದುಡ್ಡು ಕೇಳುತ್ತಿರಲಿಲ್ಲ. ಎದುರು ಕೂತವಳಿಗೆ ನಿದ್ದೆ ಬಂದರೆ ಆಟ ಮುಗಿಯುತ್ತಿತ್ತು. ಈ ಪೆಟ್ಟಿಗೆಯ ಅಂಗಡಿಗೆ ನಿದ್ದೆಯೇ ಇಲ್ಲ.

ಇದರ ಒಳಗುಟ್ಟನ್ನು ಪಾರಿವಾಳಗಳು ಎಂದೋ ಹೇಳಿಬಿಟ್ಟಿವೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತನ್ನ ಸಹೋದ್ಯೋಗಿ ಚಾರ್ಲ್ಸ್ ಫರ್ಸ್ಟರ್ ಜೊತೆ 1957ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕದ ತುಂಬ ಪಾರಿವಾಳಗಳ ಕೊಕ್ಕಿನ ಲೆಕ್ಕ ಇದೆ. ಇಷ್ಟು ಸಲ ಕುಕ್ಕಿದರೆ ಒಂದು ಕಾಳು ಎಂದು ನಿಗದಿಯಾಗಿದ್ದರೆ ಹಕ್ಕಿ ಕಾಳು ತಿಂದು ಸ್ವಲ್ಪ ವಿಶ್ರಾಂತಿ ಪಡೆಯುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹಾಗೆ ಮಾಡಿದರೆ ವಿಶ್ರಾಂತಿಯನ್ನೇ ಮರೆತು ಕುಕ್ಕುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ರಕ್ಕಸ ಸತ್ತಾಗ ಒಮ್ಮೆ ಏನೂ ಬೀಳದೆ, ಒಮ್ಮೆ ಬಂಗಾರದ ಬಣ್ಣದ ಖಡ್ಗ ಬೀಳುವುದು ಇದೇ ಲೆಕ್ಕ. ಆ ಬಣ್ಣ ಮಿನುಗಿದಾಗ ನನ್ನ ಎದೆಯೂ ಹಾರಿದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಓದುಗರಿಗೆ ಅನ್ಯಾಯ. ಬಿ.ಎಸ್ಸಿ., ಬಿ.ಎಡ್. ಮಾಡಿದ ಪಾರಿವಾಳವೂ ಪಾರಿವಾಳವೇ.

ಆಟ ಕಟ್ಟುವವರೂ ಇದರ ರುಚಿ ನೋಡಿದ್ದಾರೆ. 2012ರಲ್ಲಿ ಬಂದ 'ಡಯಾಬ್ಲೊ 3'ರಲ್ಲಿ ಆಡುವವರು ಸಿಕ್ಕ ಆಯುಧಗಳನ್ನು ನಿಜವಾದ ದುಡ್ಡಿಗೆ ಹರಾಜು ಹಾಕುವ ಸಂತೆಯನ್ನೇ ಕಂಪನಿ ತೆರೆದಿತ್ತು. ರಕ್ಕಸನನ್ನು ಕೊಂದು ಆಯುಧ ಗಳಿಸುವುದೇ ಆಟದ ತಿರುಳು, ಸಂತೆಯಲ್ಲಿ ಕೊಳ್ಳುವಂತಾದರೆ ಕೊಲ್ಲುವುದೇಕೆ ಎಂದಾಗಿ, 2014ರ ಮಾರ್ಚಿನಲ್ಲಿ ಸಂತೆಯನ್ನು ಮುಚ್ಚಿದರು. ಅದೇ ಸರಣಿಯ ಮೊಬೈಲು ಆಟ 'ಡಯಾಬ್ಲೊ ಇಮ್ಮಾರ್ಟಲ್' 2022ರಲ್ಲಿ ಬಂದಾಗ ಬೆಲ್ಜಿಯಂ, ನೆದರ್ಲೆಂಡ್ಸ್ ದೇಶಗಳಲ್ಲಿ ಬಿಡುಗಡೆಯಾಗಲೇ ಇಲ್ಲ. ಅದೃಷ್ಟದ ಪೆಟ್ಟಿಗೆಗಳ ಬಗ್ಗೆ ಅಲ್ಲಿನ ನಿಯಮ ಬಿಗಿ. ಬೆಲ್ಜಿಯಂನ ಜೂಜು ಆಯೋಗವಂತೂ ದುಡ್ಡು ಪಡೆದು ಕೊಡುವ ಇಂಥ ಪೆಟ್ಟಿಗೆ ಜೂಜೇ ಎಂದು 2018ರಲ್ಲೇ ಹೇಳಿತ್ತು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆಯ ಮುಖ್ಯ ಗುರಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು. ಗುಹೆಯೊಳಗಿನ ಪೆಟ್ಟಿಗೆಯನ್ನು ಕಾಯುವ ಕೆಲಸ ಸದ್ಯಕ್ಕೆ ಮನೆಯವರದೇ. ಅವ್ವನ ಫೋನಿನ ಪಿನ್ನು ಮಗನಿಗೆ ಗೊತ್ತಿರಬಾರದು ಎಂಬುದಕ್ಕೆ ಕಾಯ್ದೆ ಬೇಕಾಗಿಲ್ಲ.

ವಿಜ್ಞಾನದ ಮಾಸ್ತರನಾಗಿ ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ ಒಂದು ಘಟನೆ. 2005ರ ಸೆಪ್ಟೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಆಟದ ಒಂದು ಗುಹೆಯಲ್ಲಿ ಹಕ್ಕಾರ್ ಎಂಬ ರಕ್ಕಸನನ್ನು ಇಟ್ಟರು. ಅವನು ಎದುರಾಳಿಗೆ ರಕ್ತ ಕೆಡುವ ರೋಗ ಹಚ್ಚುತ್ತಿದ್ದ. ಹತ್ತಿರ ನಿಂತವರಿಗೂ ಅದು ಅಂಟುತ್ತಿತ್ತು. ಗುಹೆ ಬಿಟ್ಟರೆ ರೋಗ ಹೋಗಬೇಕು ಎಂಬುದು ಯೋಜನೆ. ಆದರೆ ಆಟಗಾರರು ಸಾಕಿದ ಪ್ರಾಣಿಗಳಿಗೆ ತಗುಲಿದ ರೋಗ ಅವುಗಳೊಂದಿಗೆ ಪಟ್ಟಣಕ್ಕೆ ಬಂತು. ಆಟದೊಳಗಿನ ಅಂಗಡಿಕಾರರು ತಾವು ಸಾಯದೆ ಗಿರಾಕಿಗಳಿಗೆ ಹಂಚಿದರು. ಹೊಸಬರು ನಿಂತಲ್ಲೇ ಸತ್ತರು, ಬೀದಿ ತುಂಬ ಎಲುಬು. ಕೆಲವರು ಊರು ಬಿಟ್ಟು ಓಡಿದರು, ಗಾಯ ಮಾಯಿಸುವವರು ಕೆಲವರು ಸಹಾಯಕ್ಕೆ ಧಾವಿಸಿದರು, ಕೆಲವರು ಬೇಕೆಂದೇ ಇನ್ನೊಬ್ಬರಿಗೆ ಹಚ್ಚಿದರು. ಕಡೆಗೆ ಕಂಪನಿಯವರು ಯಂತ್ರಗಳನ್ನೇ ಹಿಂದಿನ ಸ್ಥಿತಿಗೆ ತರಬೇಕಾಯಿತು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು ಇದನ್ನು 2007ರಲ್ಲಿ ಲ್ಯಾನ್ಸೆಟ್ ಬಳಗದ ಸೋಂಕುರೋಗಗಳ ಪತ್ರಿಕೆಯಲ್ಲಿ ಚರ್ಚಿಸಿದರು. ನಿಜವಾದ ಸಾಂಕ್ರಾಮಿಕದಲ್ಲಿ ಜನ ಹೇಗೆ ನಡೆದುಕೊಳ್ಳಬಹುದು ಎಂಬುದಕ್ಕೆ ಇದೊಂದು ಕಿಟಕಿ ಎಂದರು. 2020ರಲ್ಲಿ ನಾವೆಲ್ಲ ಊರ ಅಗಸಿಗೆ ಮುಳ್ಳು ಬಡಿದು ಕೂತಾಗ ನಡೆದದ್ದನ್ನು ನೆನೆದರೆ, ಆ ಮೂರೂ ಬಗೆಯ ಜನ ನಮ್ಮ ನಿಮ್ಮ ಕಣ್ಣ ಮುಂದೆ ಬರುತ್ತಾರೆ. ಈ ಕಥೆ ಹೇಳಿದ ರಾತ್ರಿ ಅಳಿಯ ಆಟ ತೆರೆಯಲೇ ಇಲ್ಲ. ಒಬ್ಬ ಎಷ್ಟು ಜನಕ್ಕೆ ಹಚ್ಚಿದರೆ ಎಷ್ಟು ದಿನಕ್ಕೆ ಊರು ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತ ಕೂತ.

ತಂದೆತಾಯಿಯರಿಗೆ ಎರಡು ವಿಷಯ. ಡಯಾಬ್ಲೊ ಸರಣಿಯ ಮುಖ್ಯ ಆಟಗಳಿಗೆ ಅಮೆರಿಕದ ಶ್ರೇಣೀಕರಣ ಮಂಡಳಿ ಕೊಟ್ಟ ಮುದ್ರೆ 17 ವರ್ಷ ದಾಟಿದವರಿಗೆ ಎಂದು. ರಕ್ತ, ಹೆಣ, ಪಿಶಾಚಿಗಳು ಬೇಕಾದಷ್ಟಿವೆ. ಎಂಟನೇ ತರಗತಿಯ ಹುಡುಗನ ಕೈಯಲ್ಲಿ ಅದನ್ನು ಕಂಡರೆ ನಾನಂತೂ ಕಸಿದುಕೊಳ್ಳುತ್ತೇನೆ. ಇನ್ನು ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 'ಆಟದ ವ್ಯಾಧಿ'ಯನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಲಕ್ಷಣ ಗಂಟೆಗಳ ಲೆಕ್ಕವಲ್ಲ: ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ, ಓದು, ನಂಟು ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕೇಡಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಯುವುದು, ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರುವುದು. ಹಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇಂಥವರಿಗೆಂದೇ 'ಶಟ್' ಎಂಬ ಚಿಕಿತ್ಸಾಲಯ ತೆರೆದಿದೆ. ಹರಕೆ, ತಾಯಿತ ಕಟ್ಟಿಸುವ ಮೊದಲು ಅಲ್ಲಿಗೆ ಹೋಗಬಹುದು.

ನನ್ನ ಅಳಿಯನದು ಅಷ್ಟು ದೂರ ಹೋದದ್ದಲ್ಲ. ಮೇ ಕೊನೆಯಲ್ಲಿ ತಂಗಿ ಕರೆದೊಯ್ಯಲು ಬಂದಾಗ ಅವನು ಅವಳನ್ನು ಕೂರಿಸಿ, 0.99ರ ಲೆಕ್ಕವನ್ನು ಹಾಳೆಯ ಮೇಲೆ ಹಾಕಿ ತೋರಿಸಿದ. ಅವಳಿಗೆ ಲೆಕ್ಕ ತಿಳಿಯಿತೋ ಇಲ್ಲವೋ. '37 ಮಂದಿಗೆ ಏನೂ ಇಲ್ಲಂದ್ರ ಆ ದುಡ್ಡು ಯಾರ ಮನಿಗೆ ಹೋತು?' ಎಂದು ಕೇಳಿದಳು. ನಾನು ಒಂದು ತಿಂಗಳಲ್ಲಿ ಕೇಳದಿದ್ದ ಪ್ರಶ್ನೆ. ಫೋನು ಒಡೆಯಲಿಲ್ಲ, ಕಾಲೇಜೂ ಬಿಡಿಸಲಿಲ್ಲ. ಆದರೆ ಪಿನ್ನು ಬದಲಾಯಿಸಿದಳು, ಅದನ್ನು ನನಗೂ ಹೇಳಲಿಲ್ಲ.

ಗಣಿತದ ಪತ್ರಿಕೆಯನ್ನು ಅವನು ಮರುಪರೀಕ್ಷೆಯಲ್ಲಿ ದಾಟಿಕೊಂಡ, ಗಡಿ ಅಂಕಗಳಲ್ಲಿ. ಈಗಲೂ ಭಾನುವಾರ ರಾತ್ರಿ ಆಡುತ್ತಾನೆ, ಪರೀಕ್ಷೆ ಹತ್ತಿರ ಬಂದರೂ ಆಡುತ್ತಾನೆ, ಅದಕ್ಕಾಗಿ ನಮ್ಮಿಬ್ಬರ ನಡುವೆ ವಾದವೂ ಆಗುತ್ತದೆ. ಆ ವರ್ಷ ಗೋವಿನಜೋಳದ ಸುಗ್ಗಿಯಲ್ಲಿ ರಜೆ ಸಿಕ್ಕಾಗೆಲ್ಲ ಊರಿನ ಕಣಗಳಲ್ಲಿ ಚೀಲ ತುಂಬುವ ಕೂಲಿಗೆ ಹೋದ. ಮೈಯೆಲ್ಲ ರವದಿಯ ತುರಿಕೆ. ದೀಪಾವಳಿಗೆ ನಾನು ಅವರ ಮನೆಗೆ ಹೋಗಿದ್ದಾಗ 3,800 ರೂಪಾಯಿ ತಂದು ಅವ್ವನ ಮುಂದೆ ಹಿಡಿದ. ಅವಳು ಕೈಚಾಚಲಿಲ್ಲ, ಒಲೆ ಕಡೆ ಮುಖ ಮಾಡಿ ಹೋಳಿಗೆ ಬೇಯಿಸುತ್ತಿದ್ದಳು. ಅವನು ದುಡ್ಡನ್ನು ದೇವರ ಜಗಲಿಯ ಮೇಲೆ ಅರಿಷಿಣ ಬಟ್ಟಲಿನ ಕೆಳಗೆ ಇಟ್ಟು ಹೊರಗೆ ಹೋದ.